ಹೋಗಿಬರುವ ದೂರ

ದೂರವನ್ನು ಅಳೆಯುವುದು ಬಲು ಸುಲಭವೆಂದು ಅಂಕಗಣಿತದ ಪುಸ್ತಕಗಳು ಚಿಕ್ಕಂದಿನಿಂದಲೂ ನಮ್ಮನ್ನು ನಂಬಿಸಿಕೊಂಡು ಬಂದಿವೆ. ಒಂದು ರೈಲು ಗಂಟೆಗೆ ೪೦ ಮೈಲಿ ವೇಗದಲ್ಲಿ ಓಡುತ್ತದೆ. ಎರಡು ಊರುಗಳ ನಡುವೆ ೨೦೦ ಮೈಲಿ ಅಂತರವಿದೆ. ತಲುಪಲು ಎಷ್ಟು ಹೊತ್ತು ಬೇಕು? ಐದು ಗಂಟೆ. ಆ ರೈಲು ಎಂದೂ ಸಿಗ್ನಲ್ಲಿನ ಬಳಿ ತಂಗುವುದಿಲ್ಲ. ಅದರಲ್ಲಿ ಕುಳಿತವರು ಬುತ್ತಿ ಬಿಚ್ಚುವುದಿಲ್ಲ. ಅದನ್ನು ಬೀಳ್ಕೊಡಲು ಪ್ಲಾಟ್‌ಫಾರಮ್ಮಿನ ಮೇಲೆ ಕಣ್ಣೊರಸಿಕೊಳ್ಳುತ್ತ ನಿಂತವರೂ ಇಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನಾನು ಇಂತಹ ನಿರ್ಜೀವ ರೈಲುಗಳನ್ನು ಸಾವಿರಾರು ಸಲ ಓಡಿಸಿದ್ದೇನೆ. ಹುಡುಗರು ಅವುಗಳನ್ನು ಸರಿಯಾದ ವೇಳೆಗೆ ತಲುಪಿಸಿ ಪಾಸಾಗಿದ್ದಾರೆ.

ನಿವೃತ್ತಿಯ ಅನಂತರ ಇಂತಹದೇ ಒಂದು ಲೆಕ್ಕ ಕಡಲಾಚೆಯಲ್ಲಿ ನನಗಾಗಿ ಕಾದಿತ್ತು. ನಮ್ಮ ಮಗಳು ಕೆನಡಾ ದೇಶದ ರಾಜಧಾನಿಯಾದ ಒಟ್ಟಾವದಲ್ಲಿದ್ದಾಳೆ. ಅವಳ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಮನೆಯವರೂ ಒಂದು ಬೇಸಗೆ ಅಲ್ಲಿ ಕಳೆದೆವು. ಮೊಮ್ಮಗನಿಗೆ ಶಾಲೆಯಲ್ಲಿ ತನ್ನ ದೇಶದ ಎರಡು ದೂರದ ಊರುಗಳನ್ನು ಆರಿಸಿ, ಅವುಗಳ ನಡುವಣ ವಿಮಾನದ ದೂರವನ್ನೂ ಪ್ರಯಾಣದ ಕಾಲವನ್ನೂ ಬರೆದು ತರುವಂತೆ ಹೇಳಿದ್ದರು. ಹುಡುಗ ಜಾಣ. ನಕ್ಷೆಯ ತುತ್ತತುದಿಗೆ ಕುರ್ಚಿ ಹತ್ತಿ ಕೈಯಿಟ್ಟು, “ತಾತ, ಇಲ್ಲಿಂದ ಇಲ್ಲಿಗೆ” ಎಂದ.

ಅವನು ಬೆರಳಿಟ್ಟ ಮೊದಲನೆಯ ಊರು ರೆಸಲ್ಯೂಟ್. ಎರಡನೆಯದು ಗ್ರೀಸ್ ಫಿಯೋರ್ಡ್. ಎರಡೂ ನುನಾವುತ್ ಎಂಬ ಪ್ರಾಂತ್ಯಕ್ಕೆ ಸೇರಿದವು. ೧೯೯೯ರಲ್ಲಿ ಹುಟ್ಟಿದ ಈ ಪ್ರಾಂತ್ಯದ ವಿಸ್ತಾರ ಸುಮಾರು ಇಪ್ಪತ್ತು ಲಕ್ಷ ಚದರ ಕಿಲೊಮೀಟರು, ಊರುಗಳು ಇಪ್ಪತ್ತೈದು, ಒಂದು ಊರಿನಿಂದ ಮತ್ತೊಂದಕ್ಕೆ ರಸ್ತೆಯೆಂಬುದಿಲ್ಲ. ರೆಸಲ್ಯೂಟ್ ಇರುವುದು ಕಾರ್ನ್‌ವಾಲಿಸ್ ದ್ವೀಪದಲ್ಲಿ, ಭೂಮಧ್ಯರೇಖೆಯಿಂದ ೭೪ ಅಂಶಗಳಿಗೂ ಉತ್ತರಕ್ಕೆ. ಗ್ರೀಸ್ ಫಿಯೋರ್ಡ್ ಇನ್ನೂ ಮೇಲೆ, ೭೬ ಅಂಶಗಳನ್ನು ದಾಟಿ, ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ದಡದಲ್ಲಿ. ಸೈನಿಕರೂ ಹವಾಮಾನ ನೋಡುವವರೂ ಹೊರತು, ಹೆಂಡಿರು ಮಕ್ಕಳೊಡನೆ ಜನ ಸಂಸಾರ ಮಾಡಿಕೊಂಡಿರುವ ಊರುಗಳಲ್ಲಿ ಕೆನಡಾಕ್ಕೆಲ್ಲ ಇದೇ ಕಟ್ಟಕಡೆಯದು. ೨೦೨೧ರ ಜನಗಣತಿಯಲ್ಲಿ ರೆಸಲ್ಯೂಟಿನ ಜನಸಂಖ್ಯೆ ೧೮೩. ಗ್ರೀಸ್ ಫಿಯೋರ್ಡಿನದು ೧೪೪. ನಮ್ಮ ಕಡೆಯ ಒಂದು ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರುವಷ್ಟು ಜನ.

ಈ ಹೆಸರುಗಳು ಹೊರಗಿನವರು ಕೊಟ್ಟವು. ರೆಸಲ್ಯೂಟ್ ಎಂಬುದು ಒಂದು ಬ್ರಿಟಿಷ್ ಹಡಗಿನ ಹೆಸರು. ಕಾಣೆಯಾದ ನಾವಿಕ ಫ್ರಾಂಕ್ಲಿನನನ್ನು ಹುಡುಕಲು ಬಂದ ಆ ಹಡಗು ಹೆಪ್ಪುಗಟ್ಟಿದ ಕಡಲಲ್ಲಿ ಸಿಕ್ಕಿಕೊಂಡಿತು. ೧೮೫೪ರಲ್ಲಿ ಅದರ ಜನ ಅದನ್ನು ತೊರೆದು ನಡೆದರು. ಮರುವರ್ಷ ಆ ಹಡಗು, ಚುಕ್ಕಾಣಿ ಹಿಡಿಯುವವರಿಲ್ಲದೆ, ತಾನಾಗಿಯೇ ನೂರಾರು ಮೈಲಿ ತೇಲಿ ಬಂದು ಅಮೆರಿಕದ ತಿಮಿಂಗಿಲ ಬೇಟೆಗಾರರ ಕಣ್ಣಿಗೆ ಬಿತ್ತು. ಮನುಷ್ಯರು ಕೈಬಿಟ್ಟ ಹಡಗು ಕೂಡ ಆ ಕಡಲಿನಿಂದ ಹಿಂದಿರುಗಿ ಬಂದಿತೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಗ್ರೀಸ್ ಫಿಯೋರ್ಡ್ ಎಂಬುದು ನಾರ್ವೆಯ ಅನ್ವೇಷಕ ಆಟೊ ಸ್ವೆರ್ಡ್ರುಪ್ ಇಟ್ಟ ಹೆಸರು. ‘ಹಂದಿಗಳ ಕೊಲ್ಲಿ’ ಎಂದರ್ಥ. ಅಲ್ಲಿನ ವಾಲ್ರಸ್ ಪ್ರಾಣಿಗಳು ಹಂದಿಗಳಂತೆ ಗುರುಗುಟ್ಟುತ್ತಿದ್ದುವಂತೆ. ಅಲ್ಲಿ ವಾಸಿಸುವ ಇನುಯಿಟ್ ಜನರು ಇಟ್ಟುಕೊಂಡ ಹೆಸರುಗಳು ಬೇರೆ. ರೆಸಲ್ಯೂಟ್ ಅವರಿಗೆ ಕೌಸುಯಿತ್ತುಕ್, ಎಂದರೆ ಬೆಳಗಾಗದ ಊರು. ಗ್ರೀಸ್ ಫಿಯೋರ್ಡ್ ಔಜುಯಿತ್ತುಕ್, ಎಂದರೆ ಎಂದೂ ಕರಗದ ಊರು. ಯಾವ ಜನರೂ ತಾವು ಬಯಸಿ ಕಟ್ಟಿದ ಊರಿಗೆ ಇಂತಹ ಹೆಸರನ್ನು ಇಡಲಾರರು ಎಂದು ನನಗೆ ಆಗಲೇ ಒಂದು ಶಂಕೆ ಹುಟ್ಟಿತು.

ಆದರೆ ಮೊದಲು ಲೆಕ್ಕ. ಗೋಡೆಯ ನಕ್ಷೆಯ ಮೇಲೆ ಆ ಎರಡು ಊರುಗಳ ನಡುವೆ ಒಂದು ಗೇಣಿನಷ್ಟು ಅಂತರ ಕಂಡಿತು. ಗುಂಡಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಧ್ರುವದ ಕಡೆಯ ನೆಲವೆಲ್ಲ ಹಿಗ್ಗಿಹೋಗುತ್ತದೆ. ಭೂಮಧ್ಯರೇಖೆಯ ಮೇಲೆ ಒಂದು ರೇಖಾಂಶಕ್ಕೂ ಮತ್ತೊಂದಕ್ಕೂ ೧೧೧ ಕಿಲೊಮೀಟರು. ಈ ಊರುಗಳಿರುವ ಎತ್ತರದಲ್ಲಿ ಅದು ೨೮ ಕಿಲೊಮೀಟರಿಗೆ ಕುಗ್ಗಿರುತ್ತದೆ. ಶಾಲೆಗಳಲ್ಲಿ ತೂಗುಹಾಕುವ ಮರ್ಕೇಟರನ ನಕ್ಷೆ ಇದನ್ನು ಲೆಕ್ಕಿಸದೆ ರೇಖೆಗಳನ್ನೆಲ್ಲ ಸಮಾನಾಂತರವಾಗಿ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಅದರಲ್ಲಿ ಕಾಣುವ ದೂರ ನಿಜದ ನಾಲ್ಕರಷ್ಟು. “ನಕ್ಷೆಯನ್ನು ಬಿಡು, ಗೋಳ ತಾ” ಎಂದೆ. ನನ್ನ ಮನೆಯವರ ಹೊಲಿಗೆಯ ಪೆಟ್ಟಿಗೆಯಿಂದ ಒಂದು ನೂಲು ಪಡೆದು ಗೋಳದ ಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಹಿಡಿದೆವು. ನೂಲು ಕಿರುಬೆರಳಿನ ಉಗುರಿನ ಅಗಲಕ್ಕಿಂತ ಹೆಚ್ಚಲಿಲ್ಲ. ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಗುಣಿಸಿದಾಗ ಉತ್ತರ ಬಂದಿತು: ಸುಮಾರು ೩೮೫ ಕಿಲೊಮೀಟರು, ಹಳೆಯ ಲೆಕ್ಕದಲ್ಲಿ ೨೪೦ ಮೈಲಿ. ನಮ್ಮಲ್ಲಾದರೆ ಒಂದು ರಾತ್ರಿಯ ರೈಲು ಪ್ರಯಾಣ. ಹಾಸಿಗೆ ಬಿಚ್ಚಿ ಮಲಗಿದರೆ ಕಾಫಿಯ ಹೊತ್ತಿಗೆ ಊರು.

ಇನ್ನು ಕಾಲ. ಅಲ್ಲಿಗೆ ಹಾರುವುದು ಟ್ವಿನ್ ಆಟರ್ ಎಂಬ, ಎರಡು ಎಂಜಿನ್ನಿನ ಪುಟ್ಟ ವಿಮಾನ. ಇದು ಕೆನಡಾದವರದೇ ಸೃಷ್ಟಿ. ೧೯೬೫ರಲ್ಲಿ ಮೊದಲು ಹಾರಿತು. ಮಡಚುವ ಚಕ್ರಗಳಿಲ್ಲ, ಒಯ್ಯಾರವಿಲ್ಲ; ದುಡಿಯುವ ಎತ್ತಿನಂತಹ ವಿಮಾನ. ತುಂಬಿಸಿದರೆ ಹತ್ತೊಂಬತ್ತು ಜನ; ಸಾಮಾನು ಹೇರಿದರೆ ಅದಕ್ಕೆ ತಕ್ಕಷ್ಟು ಕಡಿಮೆ. ಗಂಟೆಗೆ ೨೭೦ ಕಿಲೊಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ ಹೆಚ್ಚು ಕಡಿಮೆ ಒಂದೂವರೆ ಗಂಟೆ. ಮೊಮ್ಮಗ ಉತ್ತರ ಬರೆದುಕೊಂಡು ಏಳಲು ಹವಣಿಸಿದ.

“ತಡೆ,” ಎಂದೆ. “ಬೆಳಗಿನ ಹತ್ತು ಗಂಟೆಗೆ ರೆಸಲ್ಯೂಟಿನಿಂದ ವಿಮಾನ ಹೊರಟಿತೆನ್ನು. ಗ್ರೀಸ್ ಫಿಯೋರ್ಡಿನ ಗಡಿಯಾರದಲ್ಲಿ ಆಗ ಎಷ್ಟು ಗಂಟೆಗೆ ಇಳಿಯುತ್ತದೆ?”

“ಹನ್ನೊಂದೂವರೆಗೆ.”

“ಅಲ್ಲ, ಹನ್ನೆರಡೂವರೆಗೆ. ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಅದೇ ವಿಮಾನ ಸಾಮಾನು ಇಳಿಸಿ ಒಂದು ಗಂಟೆಗೆ ಹಿಂದಿರುಗಿದರೆ, ರೆಸಲ್ಯೂಟಿನ ಗಡಿಯಾರದಂತೆ ಒಂದೂವರೆಗೆಲ್ಲ ಬಂದಿಳಿಯುತ್ತದೆ.”

ಹುಡುಗ ಬೆರಳು ಮಡಿಚಿ ಎಣಿಸಿ, “ಹಾಗಾದರೆ ಹೋಗುವುದಕ್ಕೆ ಎರಡೂವರೆ ಗಂಟೆ, ಬರುವುದಕ್ಕೆ ಅರ್ಧ ಗಂಟೆ! ಬರುವುದೇ ಸುಲಭ” ಎಂದು ನಕ್ಕ. ಗಡಿಯಾರ ಹೇಳುವುದು ಹಾಗೆಯೇ. ಆ ಊರಿನ ಕಥೆ ಮಾತ್ರ ಅದಕ್ಕೆ ತೀರ ವಿರುದ್ಧವಾದುದೆಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅವನು ಆಟಕ್ಕೆ ಓಡಿದ ಮೇಲೆಯೂ ನಾನು ಆ ನೂಲನ್ನು ಬಿಡಲಿಲ್ಲ. ಮಗಳು ಗ್ರಂಥಾಲಯದಿಂದ ಪುಸ್ತಕಗಳನ್ನೂ ಸರ್ಕಾರಿ ವರದಿಗಳನ್ನೂ ತಂದುಕೊಟ್ಟಳು. ಓದುತ್ತ ಓದುತ್ತ ಆ ಒಂದೂವರೆ ಗಂಟೆಯೊಳಗೆ ಏನೇನು ಅಡಗಿದೆಯೆಂಬುದು ತಿಳಿಯತೊಡಗಿತು.

ಮೊದಲನೆಯದಾಗಿ, ದಿಕ್ಕು. ಭೂಮಿಯ ಕಾಂತೀಯ ಧ್ರುವ ೧೯೪೮ರ ಅಳತೆಯಂತೆ ರೆಸಲ್ಯೂಟಿಗೆ ಅನತಿದೂರದ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿತ್ತು. ಈಗ ಅದು ಸೈಬೀರಿಯದ ಕಡೆಗೆ ಸರಿದುಹೋಗಿದೆ. ಧ್ರುವಕ್ಕೆ ಇಷ್ಟು ಸಮೀಪದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ರನ್‌ವೇಗಳ ದಿಕ್ಕನ್ನು ಕಾಂತದ ಉತ್ತರದಿಂದಲ್ಲದೆ ನಿಜವಾದ ಉತ್ತರದಿಂದಲೇ ಲೆಕ್ಕ ಹಾಕುತ್ತಾರೆ. ಎರಡನೆಯದಾಗಿ, ಹಾದಿ. ನಡುವೆ ಸಿಗುವುದು ಡೆವನ್ ದ್ವೀಪ. ಜನವಸತಿಯಿಲ್ಲದ ದ್ವೀಪಗಳಲ್ಲಿ ಪ್ರಪಂಚಕ್ಕೆಲ್ಲ ದೊಡ್ಡದು. ಅದರಲ್ಲಿ, ವಿಮಾನದ ದಾರಿಗೆ ಹತ್ತಿರದಲ್ಲಿಯೇ, ಉಲ್ಕೆ ಬಿದ್ದು ಉಂಟಾದ ಹಾಟನ್ ಎಂಬ ದೊಡ್ಡ ಕುಳಿಯಿದೆ. ಮಂಗಳ ಗ್ರಹಕ್ಕೆ ಹೋಗುವ ಕನಸು ಕಾಣುವ ವಿಜ್ಞಾನಿಗಳು ೧೯೯೭ರಿಂದ ಬೇಸಗೆಯಲ್ಲಿ ಅಲ್ಲಿಗೆ ಬಂದು ಅಭ್ಯಾಸ ಮಾಡಿದ್ದಾರೆ. ಭೂಮಿಯಲ್ಲಿ ಮಂಗಳವನ್ನು ಹೋಲುವ ನೆಲವೆಂದು ಅವರು ಆರಿಸಿಕೊಂಡ ಜಾಗ, ಈ ಊರಿನವರಿಗೆ ನಂಟರ ಮನೆಗೆ ಹೋಗುವ ದಾರಿ.

ಮೂರನೆಯದು, ಇಳಿಯುವ ಜಾಗ. ಗ್ರೀಸ್ ಫಿಯೋರ್ಡಿನ ರನ್‌ವೇ ಕಲ್ಲುಚೂರು ಹರಡಿದ ಗಿಡ್ಡನೆಯ ಪಟ್ಟಿ. ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು. ದೊಡ್ಡ ವಿಮಾನಗಳು ಅಲ್ಲಿ ಇಳಿಯಲಾರವು. ಗಾಳಿ ಅಡ್ಡವಾಗಿ ಬೀಸಿದರೆ, ಮಂಜು ಕವಿದರೆ, ಪುಟ್ಟ ವಿಮಾನವೂ ಬಾರದು. ದಿನವೂ ವಿಮಾನವಿಲ್ಲ, ಇರುವ ದಿನ ಹವೆ ಒಪ್ಪಬೇಕು. ಒಪ್ಪದಿದ್ದರೆ ಮರುದಿನ, ಅಂದೂ ಒಪ್ಪದಿದ್ದರೆ ಅದರ ಮರುದಿನ. ಒಂದೂವರೆ ಗಂಟೆಯ ಪ್ರಯಾಣಕ್ಕೆ ನಾಲ್ಕು ದಿನ ಗಂಟುಮೂಟೆ ಕಟ್ಟಿಕೊಂಡು ಆಕಾಶ ನೋಡುತ್ತ ಕುಳಿತಿರಬೇಕಾಗಬಹುದು. ಕಡಲು ತೆರೆದಿರುವ ಬೇಸಗೆಯ ಕೊನೆಯಲ್ಲಿ ವರ್ಷಕ್ಕೊಮ್ಮೆ ಸಾಮಾನಿನ ಹಡಗು ಬರುತ್ತದೆ. ಹಿಟ್ಟು, ಎಣ್ಣೆ, ಮರಮುಟ್ಟು, ಯಂತ್ರ, ಎಲ್ಲವೂ ಅದರಲ್ಲಿಯೇ. ಮರೆತ ವಸ್ತುವಿಗೆ ಮುಂದಿನ ವರ್ಷದವರೆಗೆ ಕಾಯಬೇಕು, ಇಲ್ಲವೆ ವಿಮಾನದ ಸಾಗಣೆಯ ದರ ತೆರಬೇಕು.

ನನ್ನ ಮನೆಯವರ ಮನಸ್ಸಿಗೆ ತಾಗಿದ್ದು ಇದಾವುದೂ ಅಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಾ, ಬಸುರಿ ಹೆಂಗಸರು ಏನು ಮಾಡುತ್ತಾರೆ?” ಊರಿನಲ್ಲಿರುವುದು ದಾದಿಯರ ಆರೋಗ್ಯ ಕೇಂದ್ರ, ಆಸ್ಪತ್ರೆಯಲ್ಲ. ಆದ್ದರಿಂದ ದಿನ ತುಂಬುವುದಕ್ಕೆ ಹಲವು ವಾರ ಮೊದಲೇ ಗರ್ಭಿಣಿ ವಿಮಾನ ಹತ್ತುತ್ತಾಳೆ. ರೆಸಲ್ಯೂಟಿನ ಮೇಲೆ ಹಾದು, ಸುಮಾರು ೧,೫೦೦ ಕಿಲೊಮೀಟರು ದೂರದ ಇಕಾಲುಯಿಟ್ ಎಂಬ ಪಟ್ಟಣಕ್ಕೆ ಹೋಗಿ, ಪರಸ್ಥಳದಲ್ಲಿ ದಿನ ಎಣಿಸುತ್ತ ಇದ್ದು, ಹೆತ್ತು, ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಹಿಂದಿರುಗುತ್ತಾಳೆ. ಹೀಗೆ ಆ ಊರಿನ ಮಗುವೊಂದು ಕಣ್ಣುಬಿಟ್ಟು ಮಾಡುವ ಮೊದಲ ಕೆಲಸವೇ ವಿಮಾನಯಾನ. ಇದನ್ನು ಕೇಳಿ ನನ್ನ ಮನೆಯವರು ಬಹಳ ಹೊತ್ತು ಸುಮ್ಮನಿದ್ದರು. ತವರಿನಲ್ಲಿ ಹೆರಿಗೆಯಾಗಲಿಲ್ಲವೆಂದು ಮಗಳ ವಿಷಯದಲ್ಲಿ ಅವರಿಗೆ ಇಂದಿಗೂ ಒಂದು ಕೊರಗಿದೆ. ಆಮೇಲೆ, “ಇಷ್ಟು ಕಷ್ಟವಿರುವ ಕಡೆಗೆ ಅವರು ಹೋದದ್ದಾದರೂ ಏಕೆ?” ಎಂದರು.

ಹೋಗಲಿಲ್ಲ, ಒಯ್ದರು. ಈ ಉತ್ತರ ನಾನು ಕುಳಿತಿದ್ದ ಊರಿನಿಂದಲೇ, ಒಟ್ಟಾವದ ಸರ್ಕಾರಿ ಕಚೇರಿಗಳಿಂದಲೇ, ಹೊರಟದ್ದು.

ಹಡ್ಸನ್ ಕೊಲ್ಲಿಯ ಪೂರ್ವದ ದಡದಲ್ಲಿ, ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಇನುಕ್ಜುವಾಕ್ ಎಂಬ ಊರಿದೆ. ೧೯೨೨ರಲ್ಲಿ ತೆರೆಕಂಡ ‘ನನೂಕ್ ಆಫ್ ದಿ ನಾರ್ತ್’ ಎಂಬ ಪ್ರಸಿದ್ಧ ಮೂಕಿಚಿತ್ರವನ್ನು ರಾಬರ್ಟ್ ಫ್ಲಾಹರ್ಟಿ ತೆಗೆದದ್ದು ಈ ಸೀಮೆಯಲ್ಲಿಯೇ. ಚಳಿಯ ದೇಶವೇ ಆದರೂ ವರ್ಷದ ಪ್ರತಿದಿನವೂ ಅಲ್ಲಿ ಸೂರ್ಯ ಹುಟ್ಟುತ್ತಾನೆ. ಹಕ್ಕಿ, ಮೀನು, ಬೆರ್ರಿ ಹಣ್ಣು ದೊರೆಯುತ್ತವೆ. ಅಂಗಡಿಯಿತ್ತು, ಶಾಲೆಯಿತ್ತು, ಇಗರ್ಜಿಯಿತ್ತು. ೧೯೫೩ರಲ್ಲಿ ಸರ್ಕಾರದವರು ಅಲ್ಲಿನ ಕೆಲವು ಇನುಯಿಟ್ ಕುಟುಂಬಗಳಿಗೆ, ಉತ್ತರದಲ್ಲಿ ಬೇಟೆ ಹೇರಳವಾಗಿರುವ ಒಳ್ಳೆಯ ಜಾಗವಿದೆ, ಹೋಗಿ ಎಂದರು. ಹಿಡಿಸದಿದ್ದರೆ ಎರಡು ವರ್ಷಗಳ ಮೇಲೆ ಹಿಂದಕ್ಕೆ ಕರೆತರುವೆವೆಂದು ಭರವಸೆ ಕೊಟ್ಟರು. ಇಲ್ಲಿ ಜನ ಹೆಚ್ಚಿ ಬೇಟೆ ಕಡಿಮೆಯಾಗಿದೆ, ಅಲ್ಲಿ ಅವರು ಸ್ವಾವಲಂಬಿಗಳಾಗುವರು ಎಂಬುದು ಸರ್ಕಾರ ಹೇಳಿದ ಕಾರಣ. ಜನರಿಲ್ಲದ ಆ ದ್ವೀಪಗಳು ತನ್ನವೆಂದು ಪ್ರಪಂಚಕ್ಕೆ ತೋರಿಸಲು ಕೆನಡಾ ತಮ್ಮನ್ನು ಬಾವುಟದ ಕಂಬಗಳಂತೆ ನೆಟ್ಟಿತು ಎಂಬುದು ಹೋದವರು ಹೇಳಿದ ಕಾರಣ.

‘ಸಿ. ಡಿ. ಹೋ’ ಎಂಬ ಹಡಗು ಬೇಸಗೆಯಲ್ಲಿ ಅವರನ್ನು ಹತ್ತಿಸಿಕೊಂಡಿತು. ದಾರಿಯಲ್ಲಿ ಪಾಂಡ್ ಇನ್ಲೆಟ್ ಎಂಬಲ್ಲಿ, ಧ್ರುವದ ಕತ್ತಲೆಯ ಬಾಳನ್ನು ಬಲ್ಲ ಮತ್ತೆ ಕೆಲವು ಕುಟುಂಬಗಳನ್ನು, ಹೊಸಬರಿಗೆ ನೆರವಾಗಲೆಂದು ಸೇರಿಸಿಕೊಂಡರು. ತಾವೆಲ್ಲರೂ ಒಂದೇ ಕಡೆ ಇರುವೆವೆಂದು ಜನ ನಂಬಿದ್ದರು. ಎಲ್ಸ್‌ಮಿಯರ್ ದ್ವೀಪದ ಕ್ರೇಗ್ ಹಾರ್ಬರ್ ಎಂಬಲ್ಲಿಗೆ ಬಂದಾಗ ತಿಳಿಯಿತು: ಕೆಲವರು ಇಲ್ಲಿ ಇಳಿಯಬೇಕು, ಉಳಿದವರು ಮುಂದೆ ಹೋಗಬೇಕು. ಅಂದು ಐದಾರು ವರ್ಷದ ಬಾಲಕನಾಗಿ ಹಡಗಿನ ಮೇಲಿದ್ದು, ಮುಂದೆ ನುನಾವುತ್ ಪ್ರಾಂತ್ಯದ ಸ್ಥಾಪನೆಗೆ ದುಡಿದು ಹೆಸರಾದ ಜಾನ್ ಅಮಗೋಲಿಕ್ ಆ ಗಳಿಗೆಯನ್ನು ವಿಚಾರಣೆಯ ಆಯೋಗದ ಮುಂದೆ ನೆನೆದಿದ್ದಾರೆ. ಹೆಂಗಸರು ಅಳತೊಡಗಿದರು, ಅವರ ಅಳುವನ್ನು ಕೇಳಿ ಹಡಗಿನಲ್ಲಿದ್ದ ನಾಯಿಗಳೂ ಊಳಿಡತೊಡಗಿದುವು.

ಇಳಿದವರದು ಮುಂದೆ ಗ್ರೀಸ್ ಫಿಯೋರ್ಡ್ ಆಯಿತು. ಮುಂದೆ ಹೋದವರದು ರೆಸಲ್ಯೂಟ್. ನನ್ನ ಮೊಮ್ಮಗ ಬೆರಳಿಟ್ಟು ತೋರಿಸಿದ ಆ ೩೮೫ ಕಿಲೊಮೀಟರು ಹುಟ್ಟಿದ್ದು ಹೀಗೆ. ಅದು ಪ್ರಕೃತಿ ಇಟ್ಟ ಅಂತರವಲ್ಲ. ಒಂದೇ ಹಡಗಿನಲ್ಲಿ, ಒಂದೇ ಒಲೆಯ ಸುತ್ತ ಕುಳಿತು ಬಂದ ನಂಟರ ನಡುವೆ ಒಂದು ದಿನ ಬೆಳಗ್ಗೆ ಎಳೆದ ಗೆರೆ.

ಸೆಪ್ಟೆಂಬರಿನ ಹೊತ್ತಿಗೆ ಎಲ್ಲರನ್ನೂ ದಡಕ್ಕೆ ಇಳಿಸಿಯಾಗಿತ್ತು. ಹಿಮದ ಮನೆ ಕಟ್ಟಲು ತಕ್ಕ ಗಟ್ಟಿ ಹಿಮ ಇನ್ನೂ ಬಿದ್ದಿರಲಿಲ್ಲ, ಗುಡಾರಗಳಲ್ಲಿ ಇದ್ದರು. ಕಸ್ತೂರಿ ಎತ್ತುಗಳು ಕಣ್ಣೆದುರಿಗೆ ಮೇಯುತ್ತಿದ್ದರೂ ಅವುಗಳನ್ನು ಕೊಲ್ಲುವುದು ಕಾನೂನಿಗೆ ವಿರುದ್ಧವಾಗಿತ್ತು. ನವೆಂಬರಿನ ಆರಂಭದಲ್ಲಿ ಸೂರ್ಯ ಮುಳುಗಿದ, ಮರುದಿನ ಹುಟ್ಟಲಿಲ್ಲ. ಫೆಬ್ರವರಿಯವರೆಗೆ ಹುಟ್ಟಲಿಲ್ಲ. ದಿನವೂ ಸೂರ್ಯನನ್ನು ಕಂಡ ಜನಕ್ಕೆ, ಅದರಲ್ಲಿಯೂ ಮಕ್ಕಳಿಗೆ, ಆ ಮೂರು ತಿಂಗಳು ಹೇಗೆ ಕಳೆದಿರಬಹುದೆಂಬುದನ್ನು ಊಹಿಸಲು ಹೆಚ್ಚಿನ ಕವಿತ್ವ ಬೇಕಿಲ್ಲ. ಬೆಳಗಾಗದ ಊರು, ಎಂದೂ ಕರಗದ ಊರು ಎಂಬ ಆ ಹೆಸರುಗಳ ಅರ್ಥ ನನಗೆ ಆಗ ತಿಳಿಯಿತು.

ಎರಡು ವರ್ಷ ಕಳೆಯಿತು. ೧೯೫೫ರಲ್ಲಿ ಹಡಗು ಬಂದಿತು; ಹೋದವರನ್ನು ಮರಳಿ ಒಯ್ಯಲು ಅಲ್ಲ, ಇನ್ನಷ್ಟು ಕುಟುಂಬಗಳನ್ನು ತಂದಿಳಿಸಲು. ಆ ಸಲ ಬಂದವರಲ್ಲಿ ಜೋಸೆಫಿ ಫ್ಲಾಹರ್ಟಿ ಎಂಬಾತನೂ ಇದ್ದ; ಆ ಪ್ರಸಿದ್ಧ ಮೂಕಿಚಿತ್ರದ ನಿರ್ದೇಶಕನಿಗೆ ಇನುಯಿಟ್ ಸ್ತ್ರೀಯೊಬ್ಬಳಲ್ಲಿ ಹುಟ್ಟಿದ ಮಗ. ತಂದೆ ತೆಗೆದ ಚಿತ್ರದಲ್ಲಿ ಆ ಜನರ ನಗುಮುಖವನ್ನು ಕಂಡು ಲೋಕವೆಲ್ಲ ಮೆಚ್ಚಿತು. ಮಗ ಹೆಂಡತಿ ಮಕ್ಕಳೊಡನೆ ಗ್ರೀಸ್ ಫಿಯೋರ್ಡಿನಲ್ಲಿ ಇಳಿದಾಗ ನೋಡುವವರಿರಲಿಲ್ಲ. ಎರಡು ಸಲ ಸೇರಿ ಹೀಗೆ ಸಾಗಿಸಿದವರ ಸಂಖ್ಯೆ ತೊಂಬತ್ತರ ಆಸುಪಾಸು. ದೊಡ್ಡ ದೇಶದ ಲೆಕ್ಕದಲ್ಲಿ ಅಲ್ಪ. ನಂಟಸ್ತಿಕೆಯ ಲೆಕ್ಕದಲ್ಲಿ ಒಂದು ಇಡೀ ಪ್ರಪಂಚ.

ಊರಿಗೆ ಮರಳಬೇಕೆಂದು ಕೇಳಿದವರಿಗೆ ದೂರವೇ ಉತ್ತರವಾಯಿತು. ಇನುಕ್ಜುವಾಕಿಗೂ ಈ ದ್ವೀಪಗಳಿಗೂ ನಡುವೆ ಸುಮಾರು ೨,೦೦೦ ಕಿಲೊಮೀಟರು. ನಾಯಿಬಂಡಿಯಲ್ಲಿ ಹೋಗುವ ದಾರಿಯಲ್ಲ. ಹಡಗು ಸರ್ಕಾರದ್ದು, ವಿಮಾನ ಬೇರೆಯವರದು, ಕೈಯಲ್ಲಿ ಕಾಸಿಲ್ಲ. ಒಯ್ಯುವಾಗ ಅಡ್ಡಬಾರದಿದ್ದ ಆ ೨,೦೦೦ ಕಿಲೊಮೀಟರು ಮರಳುವಾಗ ದಾಟಲಾಗದ ಗೋಡೆಯಾಯಿತು. ಹೋಗುವಾಗ ಹಿಡಿದದ್ದು ಒಂದು ತಿಂಗಳಿನ ಮೇಲೆ ಕೆಲವು ದಿನ. ಮರಳಲು ಹಿಡಿದದ್ದು ಮೂವತ್ತೈದು ವರ್ಷ. ೧೯೮೦ರ ದಶಕದ ಕೊನೆಯಲ್ಲಿ, ಬಯಸಿದವರು ಹಿಂದಿರುಗಲು ಸರ್ಕಾರ ಖರ್ಚು ಕೊಟ್ಟಿತು. ನಲವತ್ತರಷ್ಟು ಮಂದಿ ಇನುಕ್ಜುವಾಕಿಗೆ ಮರಳಿದರು.

ನಮ್ಮ ಮನೆಗಳಲ್ಲಿ ಹೊರಗೆ ಹೊರಟವರು “ಹೋಗುತ್ತೇನೆ” ಎನ್ನುವುದಿಲ್ಲ, “ಹೋಗಿಬರುತ್ತೇನೆ” ಎನ್ನುತ್ತಾರೆ. ಪಕ್ಕದ ಬೀದಿಗೆ ಹೋಗುವವರೂ ಹಾಗೆಯೇ ಎನ್ನಬೇಕು. ಕಡಲು ದಾಟುವವರೂ ಹಾಗೆಯೇ ಎನ್ನಬೇಕು. ಇದನ್ನು ನಾನು ಒಂದು ಶಕುನದ ಮಾತೆಂದು, ಹಿರಿಯರ ಸಮಾಧಾನಕ್ಕಾಗಿ ಆಡುವ ನುಡಿಯೆಂದು ಬಹಳ ಕಾಲ ಎಣಿಸಿದ್ದೆ. ಈ ಎರಡು ಊರುಗಳ ಕಥೆ ಓದಿದ ಮೇಲೆ ಅದು ದೂರದ ಅಳತೆಗೋಲೆಂದೇ ತೋರುತ್ತದೆ. ಒಂದು ಊರು ಎಷ್ಟು ದೂರವಿದೆಯೆಂಬುದು ಅಲ್ಲಿಗೆ ಹೋಗುವುದರಿಂದ ತಿಳಿಯುವುದಲ್ಲ. ಅಲ್ಲಿಂದ ಬರಲು ಯಾರ ಅಪ್ಪಣೆ ಬೇಕು ಎಂಬುದರಿಂದ ತಿಳಿಯುತ್ತದೆ. ನನ್ನ ಮಗಳು ನಮ್ಮಿಂದ ಸಾವಿರಾರು ಮೈಲಿ ಆಚೆ ಇದ್ದಾಳೆ. ನಡುವೆ ಎರಡು ವಿಮಾನ, ಒಂದು ಹಗಲು ಒಂದು ರಾತ್ರಿಯ ಆಯಾಸ. ಆದರೂ ಅವಳು “ಹೋಗಿಬರುತ್ತೇನೆ” ಎಂದಾಗ ಆ ಎರಡನೆಯ ಕ್ರಿಯಾಪದ ಅವಳ ಸ್ವಂತದ್ದು. ಟಿಕೆಟ್ಟಿಗೆ ಹಣ ಹೊಂದಿಸುವುದು ತಡವಾಗಬಹುದು, ರಜೆ ಸಿಗದಿರಬಹುದು, ಬರಬಾರದೆಂದು ತಡೆಯುವವರಿಲ್ಲ. ೧೯೫೩ರಲ್ಲಿ ಆ ಹಡಗು ಹತ್ತಿದವರಿಗೆ ‘ಹೋಗಿ’ ಎಂಬುದನ್ನು ಕೊಟ್ಟು ‘ಬರುತ್ತೇನೆ’ ಎಂಬುದನ್ನು ಕಿತ್ತುಕೊಂಡರು. ಅಂತಹ ದೂರಕ್ಕೆ ಯಾವ ಗೋಳದ ಮೇಲೂ ನೂಲು ಸಾಲದು.

ಹಿಂದಿರುಗಿದವರ ಕಥೆಯೂ ಸುಖಾಂತವಲ್ಲ. ಮೂವತ್ತೈದು ವರ್ಷಗಳಲ್ಲಿ ಮಕ್ಕಳು ಬೆಳೆದು, ಅಲ್ಲಿಯೇ ಮದುವೆಯಾಗಿ, ಮೊಮ್ಮಕ್ಕಳಾಗಿದ್ದರು. ಮುದುಕರು ಹುಟ್ಟಿದ ಊರನ್ನು ಆರಿಸಿಕೊಂಡರೆ ಮಕ್ಕಳನ್ನು ಬಿಡಬೇಕು. ಮಕ್ಕಳನ್ನು ಆರಿಸಿಕೊಂಡರೆ ಊರನ್ನು ಬಿಡಬೇಕು. ಹೀಗೆ ಮೊದಲ ಅಗಲಿಕೆಯನ್ನು ಸರಿಪಡಿಸಲು ಹೊರಟಾಗ ಎರಡನೆಯ ಅಗಲಿಕೆ ಹುಟ್ಟಿತು. ವಿಚಾರಣೆ ನಡೆಸಿದ ರಾಯಲ್ ಕಮಿಷನ್ನು ೧೯೯೪ರಲ್ಲಿ ವರದಿ ಕೊಟ್ಟು, ಸರ್ಕಾರ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡಬೇಕು, ಪರಿಹಾರ ಕೊಡಬೇಕು ಎಂದಿತು. ೧೯೯೬ರಲ್ಲಿ ಒಂದು ಕೋಟಿ ಡಾಲರಿನ ನಿಧಿ ಏರ್ಪಟ್ಟಿತು. ಕ್ಷಮೆಯ ಮಾತು ಮಾತ್ರ ಬರಲಿಲ್ಲ. ೨೦೧೦ರ ಆಗಸ್ಟ್ ೧೮ರಂದು ಮಂತ್ರಿ ಜಾನ್ ಡಂಕನ್ ಇನುಕ್ಜುವಾಕಿಗೆ ಹೋಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಹಡಗು ಹೊರಟು ಐವತ್ತೇಳು ವರ್ಷಗಳಾಗಿದ್ದುವು. ಕೇಳಬೇಕಾದ ಕಿವಿಗಳಲ್ಲಿ ಅನೇಕವು ಆ ವೇಳೆಗೆ ಮಣ್ಣಾಗಿದ್ದುವು.

ಆದರೂ ಈ ಊರುಗಳನ್ನು ಕನಿಕರದ ಕಣ್ಣಿನಿಂದ ಮಾತ್ರ ನೋಡುವುದು ನ್ಯಾಯವಲ್ಲ. ಬಂದಿಳಿದವರು ಸಾಯಲಿಲ್ಲ, ಬದುಕಿದರು. ಕತ್ತಲೆಯಲ್ಲಿ ಬೇಟೆಯಾಡಲು ಕಲಿತರು. ಯಾವ ಮಂಜು ಭಾರ ತಡೆಯುತ್ತದೆ, ಯಾವುದು ತಡೆಯದು ಎಂಬುದನ್ನು ತಿಳಿದುಕೊಂಡರು. ನೀರ್ಗಲ್ಲ ಬೆಟ್ಟದ ತುಂಡುಗಳನ್ನು ತಂದು ಕರಗಿಸಿ ಕುಡಿದರು. ಇಂದು ಅಲ್ಲಿ ಶಾಲೆಯಿದೆ, ಅಂಗಡಿಯಿದೆ, ಮಕ್ಕಳ ಗದ್ದಲವಿದೆ. ಅಲ್ಲಿ ಬೆಳೆದ ಮಗುವಿಗೆ ಅದು ಶಿಕ್ಷೆಯ ಜಾಗವಲ್ಲ, ಊರು. ಫೆಬ್ರವರಿಯಲ್ಲಿ ಬೆಟ್ಟದ ಸಂದಿಯಿಂದ ಮೊದಲ ಸೂರ್ಯ ಇಣುಕಿದಾಗ ಆ ಮಗುವಿಗೆ ಆಗುವ ಹಿಗ್ಗು, ದಿನವೂ ಸೂರ್ಯನನ್ನು ಕಂಡು ಬೇಸತ್ತ ನಮಗೆ ಎಲ್ಲಿ ದೊರೆಯಬೇಕು? ಹಿರಿಯರು ಅನ್ಯಾಯದಿಂದ ಪಡೆದ ನೆಲವನ್ನು ಮಕ್ಕಳು ಪ್ರೀತಿಯಿಂದ ತಮ್ಮದಾಗಿಸಿಕೊಂಡರು. ಆದರೆ ಆ ಪ್ರೀತಿಯನ್ನು ತೋರಿಸಿ ಆ ಅನ್ಯಾಯವನ್ನು ಅಳಿಸುವಂತಿಲ್ಲ.

ಕ್ಷಮೆಯ ಮಾತು ಬಂದ ವರ್ಷವೇ ಎರಡು ಊರುಗಳಲ್ಲಿಯೂ ಒಂದೊಂದು ಶಿಲಾಪ್ರತಿಮೆ ನಿಂತಿತು. ಗ್ರೀಸ್ ಫಿಯೋರ್ಡಿನದನ್ನು ಆ ಊರಿನ ಶಿಲ್ಪಿ ಲೂಟಿ ಪಿಜಾಮಿನಿ ಕಡೆದರು: ಒಬ್ಬ ಹೆಂಗಸು, ಒಬ್ಬ ಹುಡುಗ, ಒಂದು ನಾಯಿ. ರೆಸಲ್ಯೂಟಿನದನ್ನು ಸಿಮಿಯೋನಿ ಅಮಗೋಲಿಕ್ ಕಡೆದರು. ಅವರು ತಾವ್ಯ ಆ ಹಡಗಿನಲ್ಲಿ ಬಂದವರು. ಅದರಲ್ಲಿ ಇರುವವನು ಒಬ್ಬನೇ ಗಂಡಸು. ಹೆಂಗಸು ನೋಡುತ್ತಿರುವುದು ರೆಸಲ್ಯೂಟಿನ ದಿಕ್ಕಿಗೆ. ಗಂಡಸು ನೋಡುತ್ತಿರುವುದು ಗ್ರೀಸ್ ಫಿಯೋರ್ಡಿನ ದಿಕ್ಕಿಗೆ. ಅಗಲಿಸಲ್ಪಟ್ಟ ಸಂಸಾರಗಳು ಮತ್ತೆ ಸೇರಲು ಹಂಬಲಿಸುತ್ತಿರುವ ಚಿತ್ರವದು.

ನಡುವೆ ೩೮೫ ಕಿಲೊಮೀಟರು. ಹವೆ ಒಪ್ಪಿದರೆ ವಿಮಾನದಲ್ಲಿ ಒಂದೂವರೆ ಗಂಟೆ. ಪುಟ್ಟ ವಿಮಾನ ಹಿಟ್ಟಿನ ಚೀಲಗಳನ್ನೂ ಟಪಾಲನ್ನೂ ಎಳೆಗೂಸುಗಳನ್ನೂ ಹೊತ್ತು ಆ ಎರಡು ಕಲ್ಲಿನ ನೋಟಗಳ ನಡುವೆ ಹೋಗುತ್ತದೆ, ಬರುತ್ತದೆ.